ಕುತ್ತಿಗೆಯಲ್ಲಿ ಉಸಿರಿನ ಟ್ಯೂಬ್ ಇದ್ದಾಗ ಮನೆಯಿಂದ ಹೊರಗೆ ಹೋಗುವುದು ಹೇಗೆ?

"ಟ್ರೇಕಿ ಹಾಕಿದ್ದಾರೆ, ಇನ್ನು ಬಸ್ ಹತ್ತಬಹುದಾ?" "ಮದುವೆಗೆ ಕರೆದುಕೊಂಡು ಹೋಗಬಹುದಾ?" "ಜನ ನೋಡ್ತಾರೆ, ಅದಕ್ಕೇ ಹೊರಗೆ ಬರೋದೇ ಬಿಟ್ಟಿದ್ದಾರೆ, ಏನು ಮಾಡೋದು?" ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಈ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದೀರಿ. ಹೋಗಬಹುದು. ಬಸ್ಸಿನಲ್ಲೂ ಹೋಗಬಹುದು, ಮದುವೆಗೂ ಹೋಗಬಹುದು. ಆದರೆ ತಯಾರಿ ಬೇಕು. ನಮ್ಮ ತಂದೆಯವರನ್ನು ಟ್ಯೂಬ್ ಜೊತೆಗೇ ಊರೂರು ಓಡಾಡಿಸಿ ಕಲಿತದ್ದನ್ನು, ನರ್ಸ್‌ಗಳು ಹೇಳಿಕೊಟ್ಟದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ತಲೆಯಲ್ಲಿ ಕೂರಲಿ. ಟ್ರೇಕಿಯಾಸ್ಟಮಿ ಅಂದರೆ ಕುತ್ತಿಗೆಯ ಮುಂಭಾಗದಲ್ಲಿ ಒಂದು ರಂಧ್ರ ಮಾಡಿ, ಅದರ ಮೂಲಕ ಶ್ವಾಸನಾಳಕ್ಕೆ ಟ್ಯೂಬ್ ಇಡುವುದು. ಅಂದರೆ ಈಗ ಮೂಗು ಕುತ್ತಿಗೆಗೆ ಇಳಿದು ಬಂದಿದೆ. ಮೂಗು ಗಾಳಿಯನ್ನು ಸೋಸುತ್ತಿತ್ತು, ಬೆಚ್ಚಗೆ ಮಾಡುತ್ತಿತ್ತು, ತೇವ ಮಾಡುತ್ತಿತ್ತು. ಟ್ಯೂಬ್‌ಗೆ ಈ ಮೂರೂ ಬರುವುದಿಲ್ಲ. ಧೂಳು, ಒಣ ಗಾಳಿ, ನೀರು ಎಲ್ಲವೂ ನೇರವಾಗಿ ಒಳಗೆ ಇಳಿಯುತ್ತವೆ. ಮುಂದೆ ಬರುವ ಬಹುತೇಕ ಸೂಚನೆಗಳು ಈ ಒಂದು ಕಾರಣದಿಂದಲೇ ಹುಟ್ಟಿದವು.

ಹಂತ 1: ವೈದ್ಯರ ಹತ್ತಿರ ಕೇಳಿ ಬರೆದುಕೊಳ್ಳಿ

ಹೊಸದಾಗಿ ಟ್ಯೂಬ್ ಹಾಕಿಸಿಕೊಂಡವರು ಆತುರ ಮಾಡಬೇಡಿ. ರಂಧ್ರ ಗಟ್ಟಿಯಾಗಿ ಕೂಡಿಕೊಳ್ಳಬೇಕು. ಮೊದಲ ಸಲದ ಟ್ಯೂಬ್ ಬದಲಾವಣೆ ವೈದ್ಯರ ಕೈಯಲ್ಲೇ ಆಗಬೇಕು. ಮನೆಯವರಲ್ಲಿ ಕಡೇಪಕ್ಷ ಇಬ್ಬರು ಸಕ್ಷನ್ ಮಾಡುವುದನ್ನು, ಅಂದರೆ ಸಣ್ಣ ನಳಿಗೆ ಇಳಿಸಿ ಕಫ ಎಳೆದು ತೆಗೆಯುವುದನ್ನು, ನರ್ಸ್ ಮುಂದೆ ಕೈಯಾರೆ ಮಾಡಿ ಕಲಿತಿರಬೇಕು. ನೋಡಿ ಕಲಿತರೆ ಸಾಲದು.

ವೈದ್ಯರನ್ನು ಇಷ್ಟು ಕೇಳಿ:

ಟ್ಯೂಬ್‌ನ ಅಳತೆ ಎಷ್ಟು? ಪ್ಲಾಸ್ಟಿಕ್ಕೋ, ಲೋಹದ್ದೋ? ಒಳಗೆ ತೆಗೆದು ತೊಳೆಯುವ ಇನ್ನೊಂದು ಟ್ಯೂಬ್ ಇದೆಯೋ? ಕಫ್ ಇದೆಯೋ? ಟ್ಯೂಬ್ ಆಚೆ ಬಂದರೆ ಇವರು ಮೂಗು-ಬಾಯಿಯಿಂದ ಉಸಿರಾಡಬಲ್ಲರೋ?

ಕಫ್ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಭಾಷೆಯಲ್ಲಿ ಕಫ ಅಂದರೆ ಎದೆಯಲ್ಲಿ ಕಟ್ಟುವುದು. ಡಾಕ್ಟರು ಹೇಳುವ ಕಫ್ ಬೇರೆ. ಅದು ಟ್ಯೂಬ್‌ನ ಹೊರಗೆ ಸುತ್ತಿಕೊಂಡಿರುವ, ಗಾಳಿ ತುಂಬುವ ಪುಟ್ಟ ಬಲೂನು. "ಕಫ್ ಖಾಲಿ ಮಾಡಿ" ಅಂದದ್ದನ್ನು "ಕಫ ತೆಗೀರಿ" ಎಂದು ಕೇಳಿಸಿಕೊಂಡರೆ ಕೆಲಸವೇ ಬೇರೆಯಾಗಿಬಿಡುತ್ತದೆ. ಮನೆಯಲ್ಲಿ ಅದನ್ನು ಬಲೂನು ಅಂತಲೇ ಕರೆಯಿರಿ. ಈ ಬರಹದಲ್ಲೂ ನಾನು ಹಾಗೇ ಕರೆಯುತ್ತೇನೆ.

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಗಂಟಲಿನ ಕ್ಯಾನ್ಸರ್‌ಗೆ ಧ್ವನಿಪೆಟ್ಟಿಗೆಯನ್ನೇ ಪೂರ್ತಿ ತೆಗೆಸಿಕೊಂಡವರಿಗೆ ಮೂಗು-ಬಾಯಿಗೂ ಶ್ವಾಸಕೋಶಕ್ಕೂ ಸಂಪರ್ಕವೇ ಇರುವುದಿಲ್ಲ. ಅವರಿಗೆ ಕುತ್ತಿಗೆಯ ರಂಧ್ರ ಒಂದೇ ದಾರಿ. ಅದನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಮಾತಾಡಲು ಟ್ಯೂಬ್ ಬಾಯಿಗೆ ಹಾಕುವ ಸ್ಪೀಕಿಂಗ್ ವಾಲ್ವ್ ಕೂಡ ಅವರಿಗೆ ಹಾಕುವಂತಿಲ್ಲ.

ಹಂತ 2: ಚೀಲ ಕಟ್ಟಿ

ಇದು ಮನೆಯ ಬಾಗಿಲ ಬಳಿ ಯಾವಾಗಲೂ ತುಂಬಿಯೇ ಇರಬೇಕಾದ ಚೀಲ. ಅಂಗಡಿಗೆ ಹೋದರೂ ಜೊತೆಗೆ ಬರಬೇಕು. ಒಳಗೆ ಇರಬೇಕಾದ್ದು:

- ಅದೇ ಅಳತೆಯ ಒಂದು ಹೊಸ ಟ್ಯೂಬ್, ಒಂದು ಅಳತೆ ಚಿಕ್ಕದಾದ ಇನ್ನೊಂದು ಟ್ಯೂಬ್. ಎರಡಕ್ಕೂ ಅವುಗಳ ಆಬ್ಚುರೇಟರ್ ಇರಬೇಕು. ಆಬ್ಚುರೇಟರ್ ಅಂದರೆ ಟ್ಯೂಬ್ ಸಲೀಸಾಗಿ ಒಳಗೆ ಜಾರಲಿ ಎಂದು ಇಟ್ಟುಕೊಳ್ಳುವ ಮೊಂಡು ತುದಿಯ ಕಡ್ಡಿ.
- ಬ್ಯಾಟರಿಯಿಂದ ನಡೆಯುವ ಸಕ್ಷನ್ ಯಂತ್ರ. ಜೊತೆಗೆ ಕೈಯಿಂದಲೇ ಒತ್ತಿ ನಡೆಸುವ ಚಿಕ್ಕ ಪಂಪ್.
- ಸಕ್ಷನ್ ನಳಿಗೆಗಳು, ಅಂದುಕೊಂಡದ್ದಕ್ಕಿಂತ ನಾಲ್ಕು ಜಾಸ್ತಿ. ನಳಿಗೆಯ ದಪ್ಪ ಟ್ಯೂಬ್‌ನ ಒಳ ಅಗಲದ ಅರ್ಧಕ್ಕಿಂತ ಹೆಚ್ಚಿರಬಾರದು. 8ನೇ ನಂಬರ್ ಟ್ಯೂಬ್‌ಗೆ ಸಾಮಾನ್ಯವಾಗಿ 12ನೇ ನಂಬರ್ ನಳಿಗೆ ಸರಿ.
- ತೊಳೆದು ಒಣಗಿಸಿದ ಇನ್ನೊಂದು ಒಳ ಟ್ಯೂಬ್.
- ಕುತ್ತಿಗೆಗೆ ಕಟ್ಟುವ ಪಟ್ಟಿ, ಮೊಂಡು ತುದಿಯ ಕತ್ತರಿ, ನೀರಿನಂಶದ ಜೆಲ್ಲಿ, ಸಲೈನ್ ನೀರಿನ ಚಿಕ್ಕ ಬಾಟಲಿಗಳು.
- ಬಲೂನು ಇದ್ದರೆ 10 ಎಂ.ಎಲ್. ಸಿರಿಂಜ್.
- ಕೈಗವಸು, ಸ್ಯಾನಿಟೈಸರ್, ಹತ್ತಿ ಬಟ್ಟೆ, ಕಸಕ್ಕೆ ಗಟ್ಟಿ ಕವರ್.
- ಅಂಬು ಬ್ಯಾಗ್, ಅಂದರೆ ಕೈಯಿಂದ ಒತ್ತಿ ಉಸಿರು ಕೊಡುವ ರಬ್ಬರ್ ಚೀಲ, ಇಟ್ಟುಕೊಳ್ಳಿ ಎಂದು ಡಾಕ್ಟರ್ ಹೇಳಿದ್ದರೆ ಅದೂ ಇರಲಿ.

ಇಲ್ಲಿ ಜನ ಎಡವುವ ಜಾಗ ಎರಡು. ನಮ್ಮ ಕಡೆ ಇನ್ನೂ ಲೋಹದ ಟ್ಯೂಬ್ ಬಳಸುವವರು ಬಹಳ ಇದ್ದಾರೆ. ಆ ಟ್ಯೂಬ್‌ಗಳ ಬಾಯಿಗೆ ಸಾಮಾನ್ಯವಾಗಿ ಅಂಬು ಬ್ಯಾಗ್ ಕೂರುವುದೇ ಇಲ್ಲ. ನಿಮ್ಮದು ಲೋಹದ್ದಾದರೆ, ತುರ್ತಿನಲ್ಲಿ ಹಾಕಲು ಪ್ಲಾಸ್ಟಿಕ್ ಟ್ಯೂಬ್ ಒಂದನ್ನು ಚೀಲದಲ್ಲಿಡಬೇಕೇ ಎಂದು ಮುಂಚೆಯೇ ಕೇಳಿಕೊಳ್ಳಿ. ಎರಡನೆಯದು ಬ್ಯಾಟರಿ. ಒಮ್ಮೆ ಗದಗದಿಂದ ಬರುವಾಗ ಅಣ್ಣಿಗೇರಿ ದಾಟುವಷ್ಟರಲ್ಲಿ ನಮ್ಮ ಯಂತ್ರ ನಿಂತುಹೋಯಿತು. ಹಿಂದಿನ ರಾತ್ರಿ ಚಾರ್ಜಿಗೆ ಹಾಕುವುದನ್ನು ನಾನು ಮರೆತಿದ್ದೆ. ಆ ದಿನ ಕೈ ಪಂಪ್ ನಮ್ಮನ್ನು ಉಳಿಸಿತು. ಅದಕ್ಕೇ ಎರಡೂ ಇರಲಿ ಅನ್ನುತ್ತೇನೆ.

ಹಂತ 3: ಚೀಟಿ ಬರೆಯಿರಿ

ಒಂದು ಗಟ್ಟಿ ಕಾರ್ಡ್ ಮಾಡಿ ಲ್ಯಾಮಿನೇಟ್ ಮಾಡಿಸಿ. ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬರೆಯಿರಿ. ಮೊದಲ ಸಾಲು ದೊಡ್ಡ ಅಕ್ಷರದಲ್ಲಿ ಹೀಗಿರಲಿ: "ನಾನು ಕುತ್ತಿಗೆಯಿಂದ ಉಸಿರಾಡುತ್ತೇನೆ. ಆಕ್ಸಿಜನ್ ಕುತ್ತಿಗೆಗೆ ಕೊಡಿ." ಯಾಕೆಂದರೆ ಯಾರಾದರೂ ತಲೆ ತಿರುಗಿ ಬಿದ್ದರೆ ಸಹಾಯಕ್ಕೆ ಬಂದವರು ಮೊದಲು ಮಾಸ್ಕನ್ನು ಮೂಗಿಗೇ ಇಡುತ್ತಾರೆ. ಅದರ ಕೆಳಗೆ ಟ್ಯೂಬ್‌ನ ಅಳತೆ, ಮೂಗಿನಿಂದ ಉಸಿರಾಟ ಸಾಧ್ಯವೋ ಇಲ್ಲವೋ, ಮನೆಯವರ ಫೋನ್, ಚಿಕಿತ್ಸೆ ಮಾಡಿದ ವಿಭಾಗ ಇರಲಿ. ಕಾರ್ಡ್ ಚೀಲದಲ್ಲಿ ಬೇಡ. ಅಂಗಿಯ ಜೇಬಿನಲ್ಲಿ ಅಥವಾ ಕೊರಳ ದಾರದಲ್ಲಿ ಇರಬೇಕು.

ದಾರಿಯಲ್ಲಿ ಯಾವ ಆಸ್ಪತ್ರೆಗೆ ಓಡಬೇಕು ಅನ್ನುವುದನ್ನೂ ಹೊರಡುವ ಮೊದಲೇ ಗುರುತು ಮಾಡಿಕೊಳ್ಳಿ. ಹುಬ್ಬಳ್ಳಿ ವಿದ್ಯಾನಗರದ ಕಿಮ್ಸ್ (ಹೆಸರು ಈಗ ಕೆಎಂಸಿ-ಆರ್‌ಐ ಆಗಿದೆ, ಆದರೆ ಆಟೋದವರಿಗೆ ಕಿಮ್ಸ್ ಅಂದರೇನೇ ಸಾಕು), ಧಾರವಾಡದ ಸತ್ತೂರಿನ ಎಸ್‌ಡಿಎಂ, ಗದಗದ ಜಿಮ್ಸ್, ಹಾವೇರಿಯ ಜಿಲ್ಲಾ ಆಸ್ಪತ್ರೆ. ಹಾವೇರಿ ದಾರಿಯಲ್ಲಿ ನಡುವೆ ಶಿಗ್ಗಾಂವಿಯ ತಾಲ್ಲೂಕು ಆಸ್ಪತ್ರೆ ಸಿಗುತ್ತದೆ.

ಹಂತ 4: ಹೊರಡುವ ಮುಂಜಾನೆ

ಒಳ ಟ್ಯೂಬ್ ತೆಗೆದು ತೊಳೆದು ಹಾಕಿ. ಬೇಕಿದ್ದರೆ ಒಮ್ಮೆ ಸಕ್ಷನ್ ಮಾಡಿ. ಪಟ್ಟಿ ಸಡಿಲ ಆಗಿದೆಯಾ ನೋಡಿ. ಪಟ್ಟಿಗೂ ಕುತ್ತಿಗೆಗೂ ನಡುವೆ ಒಂದು ಬೆರಳು ಹಿಡಿಯುವಷ್ಟು ಜಾಗ ಇರಬೇಕು. ಅದಕ್ಕಿಂತ ಸಡಿಲ ಇದ್ದರೆ ಬಸ್ಸಿನ ಕುಲುಕಾಟದಲ್ಲಿ ಕೆಮ್ಮು ಬಂದಾಗ ಟ್ಯೂಬ್ ಆಚೆ ಬಂದುಬಿಡಬಹುದು.

ಟ್ಯೂಬ್ ಬಾಯಿಗೆ ಏನಾದರೂ ಹೊದಿಕೆ ಬೇಕೇ ಬೇಕು. ಎಚ್‌ಎಂಇ ಎಂಬ ಪುಟ್ಟ ಫಿಲ್ಟರ್ ಸಿಗುತ್ತದೆ. ನಾವು ಬಿಡುವ ಉಸಿರಿನ ತೇವ ಮತ್ತು ಬಿಸಿಯನ್ನು ಅದು ಹಿಡಿದಿಟ್ಟುಕೊಂಡು, ಒಳಗೆಳೆಯುವ ಗಾಳಿಗೆ ವಾಪಸ್ ಕೊಡುತ್ತದೆ. ಕಫ ತಾಗಿ ಒದ್ದೆಯಾದ ಕೂಡಲೇ ಬದಲಿಸಿ, ಇಲ್ಲವಾದರೆ ಅದೇ ಉಸಿರು ಕಟ್ಟಿಸುತ್ತದೆ. ಅದು ಇಲ್ಲದಿದ್ದರೆ ತೆಳುವಾದ ಹತ್ತಿ ಬಟ್ಟೆ ಸಾಕು. ಗಂಡಸರಿಗೆ ಹೆಗಲ ಮೇಲಿನ ವಸ್ತ್ರ, ಹೆಂಗಸರಿಗೆ ಸೀರೆಯ ಸೆರಗು ಅಥವಾ ದುಪಟ್ಟಾ ಇದಕ್ಕೆ ಹೇಳಿ ಮಾಡಿಸಿದಂತಿವೆ. ನೂಲು ಬಿಡುವ ಬಟ್ಟೆ, ತುಪ್ಪಳದ ಸ್ಕಾರ್ಫ್, ಮಣಿ-ಮಿಣುಕು ಹಚ್ಚಿದ ಸೆರಗು ಬೇಡ. ಟ್ಯೂಬ್ ಕೆಳಗಿಡುವ ಗಾಜ್ ಬಟ್ಟೆಯನ್ನು ಮನೆಯಲ್ಲಿ ಕತ್ತರಿಸಬೇಡಿ. ಕತ್ತರಿಸಿದ ಅಂಚಿನ ಎಳೆ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಮೊದಲೇ ಸೀಳಿರುವ ಗಾಜ್ ಔಷಧಿ ಅಂಗಡಿಯಲ್ಲಿ ಕೇಳಿ. ಇನ್ನೊಂದು, ಮೂಗಿಗೆ ಮಾತ್ರ ಮಾಸ್ಕ್ ಹಾಕಿಕೊಂಡು ಹೊರಟರೆ ಧೂಳಿನಿಂದ ರಕ್ಷಣೆ ಸಿಗುವುದಿಲ್ಲ. ರಕ್ಷಣೆ ಬೇಕಾಗಿರುವುದು ಕುತ್ತಿಗೆಗೆ.

ಹಂತ 5: ಮೊದಲ ಸುತ್ತು ಚಿಕ್ಕದಿರಲಿ

ಮೊದಲ ದಿನವೇ ಬೆಂಗಳೂರಿನ ಪ್ರಯಾಣ ಇಟ್ಟುಕೊಳ್ಳಬೇಡಿ. ಬೆಳಗ್ಗೆ ಬಿಸಿಲೇರುವ ಮುಂಚೆ ಉಣಕಲ್ ಕೆರೆ ದಂಡೆಗೋ, ಧಾರವಾಡದವರಾದರೆ ಸಾಧನಕೇರಿಗೋ ಅರ್ಧ ಗಂಟೆ ಹೋಗಿ ಬನ್ನಿ. ಅಲ್ಲೇ ಬೆಂಚಿನ ಮೇಲೆ ಕೂತು ಒಂದು ಸಲ ಸಕ್ಷನ್ ಮಾಡಿ ನೋಡಿ. ಮನೆಯ ಹೊರಗೆ, ಜನ ಓಡಾಡುವ ಕಡೆ, ಯಂತ್ರದ ಸದ್ದು ಮಾಡುತ್ತಾ ಒಮ್ಮೆ ಸಕ್ಷನ್ ಮಾಡಿದ ಮೇಲೆ ಅರ್ಧ ಭಯ ಹೋಗುತ್ತದೆ. ಇದನ್ನು ನಾನು ಬಹಳ ಒತ್ತಿ ಹೇಳುತ್ತೇನೆ.

ಸಕ್ಷನ್ ಮಾಡುವಾಗ ನೆನಪಿಡಬೇಕಾದ್ದು: ನಳಿಗೆ ಒಳಗೆ ಇಳಿಸುವಾಗ ಎಳೆತ ಬೇಡ, ಹೊರಗೆ ತರುವಾಗ ಮಾತ್ರ. ಒಂದು ಸಲಕ್ಕೆ 10 ಸೆಕೆಂಡ್ ಮೀರಬಾರದು. ನಡುವೆ ಉಸಿರಾಡಲು ಬಿಡಿ. ಯಂತ್ರದ ಒತ್ತಡವನ್ನು ದೊಡ್ಡವರಿಗೂ 150 ಮಿ.ಮೀ. ಪಾದರಸದ ಗುರುತಿಗಿಂತ ಮೇಲೆ ಒಯ್ಯಬೇಡಿ.

ಹಂತ 6: ವಾಹನ

ಬೈಕ್, ಸ್ಕೂಟರ್ ಬಿಟ್ಟುಬಿಡಿ. ಎದುರುಗಾಳಿ ನೇರ ಟ್ಯೂಬ್‌ಗೆ ಹೊಡೆಯುತ್ತದೆ, ಹೆಲ್ಮೆಟ್ ಪಟ್ಟಿ ಟ್ಯೂಬ್‌ಗೆ ಉಜ್ಜುತ್ತದೆ. ಆಟೋದಲ್ಲಿ ನಡುವೆ ಕುಳಿತುಕೊಳ್ಳಿ. ಕಾರಿನಲ್ಲಿ ಸೀಟ್ ಬೆಲ್ಟ್ ಕುತ್ತಿಗೆಗೆ ಬಾರದ ಹಾಗೆ ಎತ್ತರ ಸರಿ ಮಾಡಿಕೊಳ್ಳಿ. ಎ.ಸಿ. ಗಾಳಿ ಮುಖದ ಕಡೆಗೆ ಬೇಡ. ಊದುಬತ್ತಿ, ಸೆಂಟಿನ ಡಬ್ಬಿ ಕಾರಿನಿಂದ ತೆಗೆಯಿಸಿ.

ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ ನಮ್ಮಂಥವರಿಗೆ ಒಳ್ಳೆಯದು. 2018ರಿಂದ ಓಡುತ್ತಿರುವ ಈ ಬಸ್ಸುಗಳಿಗೆ ನಿಲ್ದಾಣದ ಕಟ್ಟೆ ಮತ್ತು ಬಸ್ಸಿನ ನೆಲ ಒಂದೇ ಮಟ್ಟದಲ್ಲಿವೆ, ಮೆಟ್ಟಿಲು ಹತ್ತುವ ಕಷ್ಟ ಇಲ್ಲ. ಬಾಗಿಲು ಮುಚ್ಚಿರುವುದರಿಂದ ಧೂಳು ಕಡಿಮೆ. ಟಿಕೆಟ್ ನಿಲ್ದಾಣದಲ್ಲೇ ಸಿಗುತ್ತದೆ, ಊರಿನ ಹೆಸರು ಬರೆದ ಚೀಟಿ ತೋರಿಸಿದರೆ ಆಯಿತು. ಒಂದೇ ತೊಂದರೆ ಎ.ಸಿ. ಆ ಒಣ ಗಾಳಿಯಲ್ಲಿ ಕಫ ಗಟ್ಟಿಯಾಗುತ್ತದೆ. ಆದ್ದರಿಂದ ಎಚ್‌ಎಂಇ ಅಥವಾ ಸ್ವಲ್ಪ ತೇವ ಮಾಡಿ ಹಿಂಡಿದ ಬಟ್ಟೆ ಟ್ಯೂಬ್ ಮುಂದೆ ಇರಲಿ. ನೀರು ತೊಟ್ಟಿಕ್ಕುವಷ್ಟು ಒದ್ದೆ ಇರಬಾರದು. ಆಫೀಸು-ಕಾಲೇಜಿನ ಹೊತ್ತು ಬಿಟ್ಟು ಹೊರಡಿ.

ಗದಗ, ಹಾವೇರಿಗೆ ಹೋಗುವ ಸಾದಾ ಸಾರಿಗೆ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿಯಿರಿ, ಕಿಟಕಿ ಪಕ್ಕ ಬೇಡ. ಗದಗ ಸೀಮೆಯ ಗಾಳಿ ನಿಮಗೇ ಗೊತ್ತಿದೆ. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರ ತಿರುಗಿಸುವ ಅದೇ ಗಾಳಿ ಬೇಸಿಗೆಯಲ್ಲಿ ಧೂಳನ್ನೂ ಎತ್ತಿ ತರುತ್ತದೆ.

ರೈಲು ಹತ್ತುವವರಿಗೆ ಹುಬ್ಬಳ್ಳಿ ನಿಲ್ದಾಣದಲ್ಲಿ ಒಂದು ವಿಶೇಷ ಎಚ್ಚರಿಕೆ. ಇಲ್ಲಿನ ಉದ್ದದ ಪ್ಲಾಟ್‌ಫಾರ್ಮ್ 1507 ಮೀಟರ್. ಹೆಮ್ಮೆಯ ವಿಷಯ ಹೌದು, ಆದರೆ ಉಸಿರು ಕಡಿಮೆ ಇರುವವರಿಗೆ ಒಂದೂವರೆ ಕಿಲೋಮೀಟರ್ ನಡಿಗೆ ಅಂದರೆ ಸುಮ್ನೆ ಅಲ್ಲ. ನಿಮ್ಮ ಡಬ್ಬಿ ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ಕೇಳಿ, ಅದಕ್ಕೆ ಹತ್ತಿರದ ಬಾಗಿಲಿನಿಂದ ಒಳಗೆ ಬನ್ನಿ, ಗಾಲಿಕುರ್ಚಿ ಬೇಕಿದ್ದರೆ ಸಂಕೋಚ ಬೇಡ. ಕೆಳಗಿನ ಬರ್ತ್ ತೆಗೆದುಕೊಳ್ಳಿ. ಡಬ್ಬಿಯ ಚಾರ್ಜಿಂಗ್ ಪಾಯಿಂಟ್ ನಂಬಿಕೊಂಡು ಸಕ್ಷನ್ ಯಂತ್ರ ಒಯ್ಯಬೇಡಿ, ರಾತ್ರಿ ಹೊತ್ತು ಅದನ್ನು ಆರಿಸುವುದುಂಟು. ಕ್ಯಾನ್ಸರ್ ಚಿಕಿತ್ಸೆಗೆ ಹೋಗಿಬರುವವರಿಗೆ ರೈಲ್ವೆಯಲ್ಲಿ ರಿಯಾಯಿತಿ ಇದೆ. ಆಸ್ಪತ್ರೆಯಿಂದ ಅದರದೇ ನಮೂನೆ ತುಂಬಿಸಿಕೊಂಡು ಹೋಗಬೇಕು.

ವಿಮಾನ ಬೇರೆಯೇ ಲೆಕ್ಕ. ಮೇಲೆ ಹೋದಂತೆ ಒತ್ತಡ ಇಳಿದು ಬಲೂನಿನ ಒಳಗಿನ ಗಾಳಿ ಹಿಗ್ಗುತ್ತದೆ, ಅದು ಶ್ವಾಸನಾಳವನ್ನು ಒತ್ತಬಹುದು. ಬಲೂನು ಇರುವವರು ವೈದ್ಯರನ್ನು ಕೇಳದೆ ವಿಮಾನ ಹತ್ತಲೇಬಾರದು. ವಿಮಾನ ಕಂಪನಿಗೂ ಮೊದಲೇ ತಿಳಿಸಿ, ವೈದ್ಯರ ಪತ್ರ ಕೈಯಲ್ಲಿಡಿ. ಸಕ್ಷನ್ ಯಂತ್ರ ಮತ್ತು ಬದಲಿ ಟ್ಯೂಬ್ ನಿಮ್ಮ ಜೊತೆಯೇ ಇರಬೇಕು. ಲಗೇಜಿಗೆ ಹಾಕಬೇಡಿ.

ಹಂತ 7: ಜನರ ನಡುವೆ

ಮೊದಲು ಮಾತಿನ ಸಂಗತಿ. ಬಲೂನು ಇಲ್ಲದ, ಅಥವಾ ಅದನ್ನು ಖಾಲಿ ಮಾಡಿರುವ ಟ್ಯೂಬ್ ಇದ್ದವರಿಗೆ ಡಾಕ್ಟರು ಒಪ್ಪಿದರೆ ಎರಡು ದಾರಿ ಇವೆ. ಶುದ್ಧ ಬೆರಳಿನಿಂದ ಟ್ಯೂಬ್ ಬಾಯಿ ಮುಚ್ಚಿ ಮಾತಾಡುವುದು, ಇಲ್ಲವೇ ಸ್ಪೀಕಿಂಗ್ ವಾಲ್ವ್ ಹಾಕುವುದು. ಈ ವಾಲ್ವ್ ಗಾಳಿಯನ್ನು ಒಳಗೆ ಮಾತ್ರ ಬಿಡುತ್ತದೆ, ಹೊರಗೆ ಬರುವ ಉಸಿರು ಧ್ವನಿಪೆಟ್ಟಿಗೆ ಮೂಲಕ ಹೋಗಬೇಕು. ಬಲೂನು ಉಬ್ಬಿರುವಾಗ ವಾಲ್ವ್ ಹಾಕಿದರೆ ಉಸಿರು ಹೊರಗೆ ಬರಲು ದಾರಿಯೇ ಇರುವುದಿಲ್ಲ, ಜೀವಕ್ಕೇ ಅಪಾಯ. ಮಲಗುವಾಗಲೂ ವಾಲ್ವ್ ಬೇಡ. ಬಸ್ಸಿನಲ್ಲಿ ಜೋಂಪು ಹತ್ತುವ ಅಭ್ಯಾಸ ಇದ್ದರೆ ಹತ್ತಿದ ಕೂಡಲೇ ತೆಗೆದು ಡಬ್ಬಿಯಲ್ಲಿಡಿ. ಮಾತೇ ಬಾರದವರು ಫೋನಿನಲ್ಲಿ ಕನ್ನಡದಲ್ಲಿ ಟೈಪ್ ಮಾಡಿ ಓದಿಸಬಹುದು. ಸಂತೆಯ ಗದ್ದಲದಲ್ಲಿ ಅದು ಕೇಳಿಸುವುದಿಲ್ಲ, ಅಲ್ಲಿಗೆ ಚಿಕ್ಕ ನೋಟ್‌ಬುಕ್ಕೇ ಸರಿ.

ಜನ ನೋಡುತ್ತಾರೆ. ನಮ್ಮ ಕಡೆ ನೋಡಿ ಸುಮ್ಮನಿರುವುದೂ ಇಲ್ಲ, "ಏನಾಗೇತ್ರೀ ಕುತ್ತಿಗಿಗೆ?" ಎಂದು ಕೇಳಿಯೇ ಬಿಡುತ್ತಾರೆ. ಬಹುತೇಕ ಅದು ಕಾಳಜಿಯ ಪ್ರಶ್ನೆ. "ಉಸಿರಾಡೋಕೆ ನಳಿಗಿ ಹಾಕ್ಯಾರ್ರೀ, ಈಗ ಆರಾಮ ಅದೀನಿ" ಎಂದು ಬರೆದ ಚೀಟಿ ಒಂದು ಇಟ್ಟುಕೊಳ್ಳಿ. ಮಗು ಕೇಳಿದರೆ "ಇದು ನನ್ನ ಇನ್ನೊಂದು ಮೂಗು" ಅನ್ನಿ, ಮಕ್ಕಳಿಗೆ ಅಷ್ಟು ಸಾಕಾಗುತ್ತದೆ. ಉತ್ತರ ಕೊಡಲು ಮನಸ್ಸಿಲ್ಲದ ದಿನ ಕೊಡಬೇಡಿ. ಜೊತೆಗಿದ್ದವರು ಹೇಳಲಿ. ಆದರೆ ಜೊತೆಗಿದ್ದವರಿಗೂ ಒಂದು ಮಾತು: ಅವರ ಎದುರಿಗೇ ಅವರ ಕಥೆಯನ್ನೆಲ್ಲ ಬಿಚ್ಚಿಡಬೇಡಿ. ದನಿ ಇಲ್ಲದವರಿಗೆ ಅದು ಬಹಳ ನೋವು ಕೊಡುತ್ತದೆ.

ಊಟ. ನುಂಗುವುದು ಸರಿ ಇದೆ ಎಂದು ಆಸ್ಪತ್ರೆಯಲ್ಲಿ ನೋಡಿ ಹೇಳಿದ ಮೇಲೆ ಮಾತ್ರ ಹೊರಗೆ ತಿನ್ನಿ. ಗಿರಮಿಟ್ಟಿನ ಚುರುಮುರಿ ಹಗುರ, ನಕ್ಕರೆ ಸಾಕು ದಾರಿ ತಪ್ಪುತ್ತದೆ. ಕಟಕ್ ರೊಟ್ಟಿಯ ಚೂರು ಕೂಡ ಹಾಗೇ. ಬಿಸಿ ಮೆತ್ತಗಿನ ರೊಟ್ಟಿಯನ್ನು ಪಲ್ಯದ ರಸದಲ್ಲಿ ಅದ್ದಿ ನಿಧಾನ ತಿನ್ನಿ. ನೆಟ್ಟಗೆ ಕೂತು ತಿನ್ನಬೇಕು, ತಿಂದು ಅರ್ಧ ಗಂಟೆ ಮಲಗಬಾರದು. ತಿಂದ ಮೇಲೆ ಟ್ಯೂಬ್‌ನಿಂದ ಬರುವ ಕಫದಲ್ಲಿ ಊಟದ ಬಣ್ಣ ಕಂಡರೆ ತಿನ್ನುವುದನ್ನು ನಿಲ್ಲಿಸಿ ಡಾಕ್ಟರಿಗೆ ತೋರಿಸಿ, ಅನ್ನ ಶ್ವಾಸನಾಳಕ್ಕೆ ಹೋಗುತ್ತಿದೆ ಎಂದು ಅರ್ಥ. ಗಾಳಿ ಮೂಗಿನಿಂದ ಹೋಗದೆ ಇರುವುದರಿಂದ ವಾಸನೆ ಸರಿಯಾಗಿ ಗೊತ್ತಾಗುವುದಿಲ್ಲ. ಹಳಸಿದ ಊಟವನ್ನು ಜೊತೆಗಾರರೇ ಮೂಸಿ ನೋಡಿ ಹೇಳಬೇಕು.

ಹೋಗಬಾರದ ಜಾಗಗಳೂ ಇವೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ಹಂಗಾಮಿನಲ್ಲಿ ಗಟ್ಟಿ ಎದೆಯವರನ್ನೇ ಕೆಮ್ಮಿಸುತ್ತದೆ, ಟ್ಯೂಬ್ ಇದ್ದವರು ಆ ಘಾಟಿಗೆ ಕಾಲಿಡಬೇಡಿ. ದುರ್ಗದಬೈಲಿಗೆ ಹೋದರೂ ಮಿರ್ಚಿ ಕರಿಯುವ ಬಾಣಲೆಯಿಂದ ದೂರ ನಿಲ್ಲಿ. ಹುಬ್ಬಳ್ಳಿಯ ರಂಗಪಂಚಮಿ ದಿನ ಮನೆಯಲ್ಲೇ ಇರಿ. ಬಣ್ಣದ ಪುಡಿ, ನೀರು ಎರಡೂ ಒಟ್ಟಿಗೆ ಕುತ್ತಿಗೆಗೆ ಬೀಳುವ ದಿನ ಅದು. ಜಾತ್ರೆಗೆ ಹೋಗುವುದಾದರೆ ತೇರಿನ ಹೊತ್ತಿನ ನೂಕುನುಗ್ಗಲು ಬಿಟ್ಟು ಮಾರನೇ ದಿನ ಹೋಗಿ. ಹೊಳೆ, ಕೆರೆಯಲ್ಲಿ ಇಳಿಯುವಂತಿಲ್ಲ. ಧಾರವಾಡದ ಜಿಟಿಜಿಟಿ ಮಳೆಗೆ ಕೊಡೆ ಒಳ್ಳೆಯದು. ರೇನ್‌ಕೋಟಿನ ಕಾಲರ್ ಟ್ಯೂಬ್ ಬಾಯಿಯನ್ನೇ ಮುಚ್ಚುತ್ತದೆ. ಕ್ಷೌರದಂಗಡಿಯಲ್ಲಿ ಪೌಡರ್, ಸ್ಪ್ರೇ ಬೇಡ ಎಂದು ಕೂರುವ ಮುಂಚೆಯೇ ತೋರಿಸಿ, ಟ್ಯೂಬ್ ಮುಂದೆ ಬಟ್ಟೆ ಹಿಡಿದುಕೊಳ್ಳಿ.

ಹಂತ 8: ದಾರಿಯಲ್ಲಿ ಉಸಿರು ಕಟ್ಟಿದರೆ

ಈ ಸಾಲುಗಳನ್ನು ಬರೆದು ಚೀಲದ ಮೇಲೆ ಅಂಟಿಸಿ. ಒಬ್ಬರು ಇದನ್ನು ಮಾಡುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು.

1. ಟ್ಯೂಬ್ ಮೇಲಿರುವ ವಾಲ್ವ್, ಫಿಲ್ಟರ್, ಬಟ್ಟೆ ಎಲ್ಲ ತೆಗೆಯಿರಿ.
2. ಒಳ ಟ್ಯೂಬ್ ಹೊರಗೆ ಎಳೆಯಿರಿ. ಬಹಳ ಸಲ ಕಟ್ಟಿಕೊಂಡಿರುವುದು ಅದೇ.
3. ಸಕ್ಷನ್ ಮಾಡಿ. ನಳಿಗೆ ಸಲೀಸಾಗಿ ಇಳಿಯಿತಾ ನೋಡಿ.
4. ನಳಿಗೆ ಇಳಿಯದಿದ್ದರೆ ಬಲೂನಿನ ಗಾಳಿ ತೆಗೆಯಿರಿ.
5. ಆಗಲೂ ಉಸಿರು ಆಡದಿದ್ದರೆ ಟ್ಯೂಬ್ ಕಟ್ಟಿಕೊಂಡಿದೆ ಎಂದೇ ಲೆಕ್ಕ. ನಿಮಗೆ ಕಲಿಸಿರುವಂತೆ ಅದನ್ನು ತೆಗೆದು ಹೊಸದು ಹಾಕಿ. ಅದೇ ಅಳತೆ ಹೋಗದಿದ್ದರೆ ಚಿಕ್ಕದು ಹಾಕಿ.

ಟ್ಯೂಬ್ ತಾನಾಗಿ ಆಚೆ ಬಿದ್ದರೂ ಐದನೆಯ ಹೆಜ್ಜೆಯೇ. ಹೊಸ ಟ್ಯೂಬ್ ಕೂತ ತಕ್ಷಣ ಆಬ್ಚುರೇಟರ್ ಕಡ್ಡಿ ಹೊರಗೆ ಎಳೆಯಬೇಕು. ಗಾಬರಿಯಲ್ಲಿ ಅದನ್ನು ಒಳಗೇ ಬಿಟ್ಟರೆ ನಾವೇ ಉಸಿರಿಗೆ ಬಿರಡೆ ಹಾಕಿದಂತೆ. ಯಾವ ಟ್ಯೂಬೂ ಹೋಗದಿದ್ದರೆ ಬಲವಂತ ಮಾಡಬೇಡಿ. ಆಕ್ಸಿಜನ್ ಸಿಕ್ಕಿದರೆ ಕುತ್ತಿಗೆಯ ರಂಧ್ರಕ್ಕೆ ಕೊಡಿ, ಮೂಗಿನಿಂದ ಉಸಿರಾಡಬಲ್ಲವರಿಗೆ ಮುಖಕ್ಕೂ ಕೊಡಿ.

ಕಫದಲ್ಲಿ ಎಳೆಯಷ್ಟು ರಕ್ತ ಒಣ ಗಾಳಿಯಿಂದ ಬಂದಿರಬಹುದು. ಅಂದೇ ಡಾಕ್ಟರಿಗೆ ಹೇಳಿ. ಕೆಂಪು ತಾಜಾ ರಕ್ತ ಬಂದರೆ ಮಾತ್ರ ಕಾಯುವ ಮಾತೇ ಇಲ್ಲ, ಸೀದಾ ಆಸ್ಪತ್ರೆಗೆ ಹೋಗಿ.

ಹಂತ 9: ಮನೆಗೆ ಬಂದ ಕೂಡಲೇ

ಸುಸ್ತಾಗಿರುತ್ತದೆ, ನಾಳೆ ಮಾಡೋಣ ಅನ್ನಿಸುತ್ತದೆ. ಆದರೂ ಈ ಇಪ್ಪತ್ತು ನಿಮಿಷದ ಕೆಲಸ ಅಂದೇ ಮುಗಿಸಿ. ಒಳ ಟ್ಯೂಬ್ ತೊಳೆಯಿರಿ, ಕುತ್ತಿಗೆ ಸುತ್ತ ಒರೆಸಿ ಪಟ್ಟಿ ಬದಲಿಸಿ. ಸಕ್ಷನ್ ಜಾಡಿ ಖಾಲಿ ಮಾಡಿ ತೊಳೆಯಿರಿ. ಬಳಸಿದ ನಳಿಗೆಗಳನ್ನು ಕವರಿನಲ್ಲಿ ಕಟ್ಟಿ ಬೇರೆ ಇಡಿ, ಕಸದ ಗಾಡಿಯವರ ಕೈಗೆ ಬಿಡಿಬಿಡಿಯಾಗಿ ಸಿಗಬಾರದು. ಚೀಲದಿಂದ ಏನೇನು ಖರ್ಚಾಗಿದೆಯೋ ಅದನ್ನು ಮತ್ತೆ ತುಂಬಿ. ಯಂತ್ರ ಚಾರ್ಜಿಗೆ ಹಾಕಿ. ದೀಪ ಹತ್ತಿದೆಯಾ ನೋಡಿ, ಆಮೇಲೆ ಮಲಗಿ.